ಪ್ಯಾನೆಲ್ ಒಳಗಿನ ಬಿಸಿ ಹಿಡಿಯುವ ವೈರ್‌ಲೆಸ್ ಸೆನ್ಸರ್: ಹಾಕಿಸಬೇಕಾ, ಹಾಕಿಸಿದರೆ ಎಲ್ಲಿ?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಮೇನ್ ಪ್ಯಾನೆಲ್‌ಗೆ ವೈರ್‌ಲೆಸ್ ಟೆಂಪರೇಚರ್ ಸೆನ್ಸರ್ ಹಾಕಿಸಿ, ಕೇಬಲ್ ಬಿಸಿಯಾದರೆ ಮೊಬೈಲಿಗೇ ಮೆಸೇಜ್ ಬರುತ್ತದೆ ಅಂತ ಒಬ್ಬರು ಕೊಟೇಶನ್ ಕೊಟ್ಟಿದ್ದಾರೆ. ವರ್ಷಕ್ಕೊಮ್ಮೆ ಥರ್ಮಲ್ ಕ್ಯಾಮೆರಾದಲ್ಲಿ ಸ್ಕ್ಯಾನ್ ಮಾಡಿಸುತ್ತಿದ್ದೇವೆ, ಅದು ಸಾಲದಾ? ಹಾಕಿಸುವುದಾದರೆ ಎಲ್ಲೆಲ್ಲಿ ಹಾಕಿಸಬೇಕು?

ಉತ್ತರ: ಹಾಕಿಸಿ. ಆದರೆ ಎಷ್ಟು ಸೆನ್ಸರ್ ಅನ್ನುವುದಕ್ಕಿಂತ ಯಾವ ಜಾಗದಲ್ಲಿ ಅನ್ನುವುದನ್ನು ಮೊದಲು ಕೇಳಿ. ಜಾಗ ತಪ್ಪಿದರೆ ಇಪ್ಪತ್ತು ಸೆನ್ಸರ್ ಇದ್ದರೂ ಉಪಯೋಗವಿಲ್ಲ.

ಪ್ಯಾನೆಲ್‌ನಲ್ಲಿ ಕೇಬಲ್ ಉದ್ದಕ್ಕೂ ಒಂದೇ ಸಮ ಬಿಸಿಯಾಗುವುದು ಅಪರೂಪ. ಬಿಸಿಯಾಗುವುದು ಜಾಯಿಂಟ್. ಕೇಬಲ್ ತುದಿಗೆ ಲಗ್ (ಬೋಲ್ಟ್ ಹಾಕಲು ತೂತಿರುವ ಲೋಹದ ತುಂಡು) ಹಾಕಿ ಕ್ರಿಂಪ್ ಮಾಡಿರುತ್ತಾರಲ್ಲ, ಅಂದರೆ ಒತ್ತಿ ಬಿಗಿದಿರುತ್ತಾರಲ್ಲ, ಆ ಜಾಗ. ಇಲ್ಲವೇ ಆ ಲಗ್ಗನ್ನು ಬಸ್‌ಬಾರ್‌ಗೋ (ಪ್ಯಾನೆಲ್ ಒಳಗೆ ಕರೆಂಟ್ ಹಂಚುವ ಲೋಹದ ಪಟ್ಟಿ) ಬ್ರೇಕರ್‌ಗೋ ಬೋಲ್ಟ್ ಮಾಡಿರುವ ಜಾಗ. ಒಂದು ಲೆಕ್ಕ ನೋಡಿ. ಒಂದು ಫೇಸಿನಲ್ಲಿ 200 ಆಂಪ್ಸ್ ಹರಿಯುತ್ತಿದೆ. ಜಾಯಿಂಟ್‌ನ ರೆಸಿಸ್ಟೆನ್ಸ್ 50 ಮೈಕ್ರೋ ಓಮ್ ಇದ್ದರೆ ಅಲ್ಲಿ ಹುಟ್ಟುವ ಶಾಖ 2 ವ್ಯಾಟ್ ಅಷ್ಟೇ. ಅದೇ ಜಾಯಿಂಟ್ ಸಡಿಲವಾಗಿ, ಕಿಲುಬು ಹಿಡಿದು 1 ಮಿಲಿ ಓಮ್ ಆಯಿತು ಅಂದುಕೊಳ್ಳಿ. ಈಗ 40 ವ್ಯಾಟ್. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ 25 ವ್ಯಾಟಿನದ್ದು, ಅದಕ್ಕಿಂತ ಜಾಸ್ತಿ ಶಾಖ ಬೆರಳಿನಷ್ಟು ಜಾಗದಲ್ಲಿ ಹಗಲು ರಾತ್ರಿ ಕೂತಿರುತ್ತದೆ. ಆದರೂ ಬ್ರೇಕರ್ ಟ್ರಿಪ್ ಆಗುವುದಿಲ್ಲ. ಬ್ರೇಕರ್ ಕಾಯುವುದು ಕರೆಂಟನ್ನು, ಕರೆಂಟ್ ಆಗಲೂ 200 ಆಂಪ್ಸೇ, ಈಗಲೂ 200 ಆಂಪ್ಸೇ. ಇನ್ಸುಲೇಶನ್ ಕರಗಿ ಶಾರ್ಟ್ ಆದ ಮೇಲೆ ಟ್ರಿಪ್ ಆಗುತ್ತದೆ, ಅಷ್ಟೊತ್ತಿಗೆ ತಡವಾಗಿರುತ್ತದೆ. ಪಿವಿಸಿ ಕೇಬಲ್‌ನ ಕಂಡಕ್ಟರ್ 70 ಡಿಗ್ರಿ ಸೆಲ್ಸಿಯಸ್ ತನಕ ತಡೆಯುತ್ತದೆ, ಎಕ್ಸ್‌ಎಲ್‌ಪಿಇ (ಹೆಚ್ಚು ಬಿಸಿ ತಡೆಯುವ ಇನ್ನೊಂದು ಬಗೆಯ ಇನ್ಸುಲೇಶನ್) ಆದರೆ 90. ಅದರ ಮೇಲೆ ದಿನಾ ಕುದಿಯುತ್ತಿದ್ದರೆ ಇನ್ಸುಲೇಶನ್ ಗಟ್ಟಿಯಾಗಿ ಬಿರುಕು ಬಿಡುತ್ತದೆ.

ನಮ್ಮ ಕಡೆ ದುಡ್ಡಿಗೆ ನೋಡಿ ಹೆಚ್ಚಾಗಿ ಅಲ್ಯೂಮಿನಿಯಂ ಕೇಬಲ್ ಎಳೆಯುತ್ತಾರೆ. ಅಲ್ಯೂಮಿನಿಯಂ ಗಾಳಿಗೆ ಸಿಕ್ಕ ತಕ್ಷಣ ಮೇಲೆ ಆಕ್ಸೈಡ್ ಪದರ ಕಟ್ಟುತ್ತದೆ, ಅದರಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಬಿಸಿಗೆ ತಾಮ್ರಕ್ಕಿಂತ ಜಾಸ್ತಿ ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ, ಬೋಲ್ಟಿನ ಒತ್ತಡಕ್ಕೆ ನಿಧಾನವಾಗಿ ಜಗ್ಗಿಕೊಳ್ಳುತ್ತದೆ. ಅಂಥ ಲಗ್ಗನ್ನು ನೇರವಾಗಿ ತಾಮ್ರದ ಬಸ್‌ಬಾರ್‌ಗೆ ಬಿಗಿದರೆ, ಇವತ್ತು ಗಟ್ಟಿಯಾಗಿ ಕಂಡರೂ ಕೆಲವು ಬೇಸಿಗೆ ಕಳೆಯುವುದರಲ್ಲಿ ಸಡಿಲ. ಅದಕ್ಕೇ ಬೈಮೆಟಾಲಿಕ್ ಲಗ್ (ಕೇಬಲ್ ಕಡೆ ಅಲ್ಯೂಮಿನಿಯಂ, ಬಸ್‌ಬಾರ್ ಕಡೆ ತಾಮ್ರ ಇರುವಂಥದ್ದು) ಬೇಕು, ಬ್ರಷ್ ಮಾಡಿ ಜಾಯಿಂಟಿಂಗ್ ಕಾಂಪೌಂಡ್ ಹಚ್ಚಬೇಕು, ಸೈಜಿಗೆ ಸರಿಯಾದ ಡೈ (ಒತ್ತುವ ಅಚ್ಚು) ಹಾಕಿ ಕ್ರಿಂಪ್ ಮಾಡಬೇಕು. ಸೆನ್ಸರ್‌ಗೆ ದುಡ್ಡು ಎತ್ತಿಡುವ ಮೊದಲು ಇದಕ್ಕೆ ಎತ್ತಿಡಿ. ಸೆನ್ಸರ್ ಕೆಟ್ಟ ಜಾಯಿಂಟನ್ನು ತೋರಿಸುತ್ತದೆ, ಸರಿ ಮಾಡುವುದಿಲ್ಲ.

ಈಗ ಥರ್ಮಲ್ ಸ್ಕ್ಯಾನ್ ವಿಷಯ. ಅದನ್ನು ನಿಲ್ಲಿಸಬೇಡಿ. ಸೆನ್ಸರ್ ಇಲ್ಲದ ಜಾಗವನ್ನೂ ಕ್ಯಾಮೆರಾ ನೋಡುತ್ತದೆ. ತೊಂದರೆ ಏನೆಂದರೆ ಅದು ಆ ಹೊತ್ತಿನದ್ದು ಮಾತ್ರ. ಸ್ಕ್ಯಾನ್ ಮಾಡುವವರು ಬರುವುದು ಹಗಲು ಹನ್ನೊಂದಕ್ಕೆ, ಆಗ ಮನೆಯವರೆಲ್ಲ ಕೆಲಸಕ್ಕೆ ಹೋಗಿರುತ್ತಾರೆ, ಲೋಡ್ ಇರುವುದಿಲ್ಲ. ನಿಮ್ಮ ನಿಜವಾದ ಲೋಡ್ ಇರುವುದು ಬೆಳಗ್ಗೆ ಗೀಸರ್ ಹೊತ್ತಿಗೆ, ಏಪ್ರಿಲ್ ರಾತ್ರಿ ಎಲ್ಲರ ಎಸಿ ಓಡುವಾಗ, ಈಗೀಗ ರಾತ್ರಿಯಿಡೀ ಎಲೆಕ್ಟ್ರಿಕ್ ಕಾರು ಚಾರ್ಜ್ ಆಗುವಾಗ. ಬಿಸಿ ಏರುವುದು ಹೆಚ್ಚುಕಡಿಮೆ ಕರೆಂಟಿನ ವರ್ಗದ ಲೆಕ್ಕದಲ್ಲಿ. ಅರ್ಧ ಲೋಡ್‌ನಲ್ಲಿ ಒಂದು ಜಾಯಿಂಟ್ ಪಕ್ಕದ ಫೇಸಿಗಿಂತ 10 ಡಿಗ್ರಿ ಜಾಸ್ತಿ ಇದ್ದರೆ, ಪೂರ್ತಿ ಲೋಡ್‌ನಲ್ಲಿ ಅದು 40ರ ಹತ್ತಿರ ಹೋಗುತ್ತದೆ. ಇನ್ನೊಂದು, ಹೊಳೆಯುವ ತಾಮ್ರ ತನ್ನ ಶಾಖವನ್ನು ಕ್ಯಾಮೆರಾಗೆ ಸರಿಯಾಗಿ ತೋರಿಸುವುದಿಲ್ಲ, ಇರುವುದಕ್ಕಿಂತ ತಣ್ಣಗೆ ಕಾಣುತ್ತದೆ. ಬಸ್‌ಬಾರ್ ಮುಂದಿನ ಅಕ್ರಿಲಿಕ್ ಶೀಟ್ ನಮ್ಮ ಕಣ್ಣಿಗೆ ಪಾರದರ್ಶಕ, ಥರ್ಮಲ್ ಕ್ಯಾಮೆರಾಗೆ ಗೋಡೆ. ಹಾಗಾಗಿ ರಿಪೋರ್ಟಿನಲ್ಲಿ ಎಲ್ಲ ನಾರ್ಮಲ್ ಅಂತ ಬಂದಿದ್ದರೆ ಯಾವ ಹೊತ್ತಿನಲ್ಲಿ, ಎಷ್ಟು ಆಂಪ್ಸ್ ಇದ್ದಾಗ ತೆಗೆದದ್ದು ಅಂತ ಕೇಳಿ. ಆ ಅಂಕಿ ಇಲ್ಲದ ರಿಪೋರ್ಟಿನಿಂದ ಏನೂ ಗೊತ್ತಾಗುವುದಿಲ್ಲ.

ಸೆನ್ಸರ್‌ಗಳಲ್ಲಿ ಎರಡು ಜಾತಿ. ಒಂದು ಮುಟ್ಟಿ ಅಳೆಯುವುದು, ಲಗ್ ಅಥವಾ ಬಸ್‌ಬಾರ್‌ಗೆ ಕಟ್ಟುತ್ತಾರೆ. ಇದರಲ್ಲಿ ಬ್ಯಾಟರಿಯವು ಇವೆ, ಕೇಬಲ್‌ನಲ್ಲಿ ಹರಿಯುವ ಕರೆಂಟಿನಿಂದಲೇ ತಮಗೆ ಬೇಕಾದ ಶಕ್ತಿ ತೆಗೆದುಕೊಳ್ಳುವವೂ ಇವೆ. ಎರಡನೆಯದು ಮೂಸುವ ಸೆನ್ಸರ್. ಇನ್ಸುಲೇಶನ್ ಬಿಸಿಯಾಗುತ್ತಿದ್ದಂತೆ, ಹೊಗೆ ಬರುವ ಮೊದಲೇ, ಗ್ಯಾಸ್ ಮತ್ತು ಸೂಕ್ಷ್ಮ ಕಣಗಳು ಹೊರಡುತ್ತವೆ. ಅದನ್ನು ಇದು ಹಿಡಿಯುತ್ತದೆ. ಶ್ನೈಡರ್ ಕಂಪನಿಯ ಹೀಟ್‌ಟ್ಯಾಗ್ ಈ ಬಗೆಯದ್ದು. ನೂರಾರು ಸಣ್ಣ ವೈರ್ ಇರುವ ಪ್ಯಾನೆಲ್‌ಗೆ ಇದು ಅನುಕೂಲ, ಪ್ರತಿ ಟರ್ಮಿನಲ್‌ಗೂ ಒಂದೊಂದು ಕಟ್ಟುವ ಕೆಲಸ ಇಲ್ಲ. ಆದರೆ ಯಾವ ವೈರ್ ಅಂತ ಹೇಳುವುದಿಲ್ಲ, ಹುಡುಕುವ ಕೆಲಸ ನಿಮ್ಮದು. ಪ್ಯಾನೆಲ್‌ಗೆ ದೊಡ್ಡ ಎಕ್ಸಾಸ್ಟ್ ಫ್ಯಾನ್ ಇದ್ದರೆ ಗಾಳಿ ಎಳೆದುಕೊಂಡು ಹೋಗಿ ವಾಸನೆ ತೆಳುವಾಗಿಬಿಡುತ್ತದೆ. ನಿಮ್ಮಂಥ ಅಪಾರ್ಟ್‌ಮೆಂಟಿಗೆ ದಪ್ಪ ಕೇಬಲ್‌ಗಳ ಮೇಲೆ ಮುಟ್ಟಿ ಅಳೆಯುವವೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಎಲ್ಲಿ ಹಾಕಬೇಕು? ಮೊದಲು ಇನ್‌ಕಮರ್, ಅಂದರೆ ಹೊರಗಿನ ಸಪ್ಲೈ ಪ್ಯಾನೆಲ್‌ಗೆ ಬರುವ ಜಾಗ. ಮೂರೂ ಫೇಸು, ಜೊತೆಗೆ ನ್ಯೂಟ್ರಲ್. ನ್ಯೂಟ್ರಲ್ ಬಿಟ್ಟು ಕೊಟೇಶನ್ ಕೊಟ್ಟಿದ್ದರೆ ಸೇರಿಸಿ ಅನ್ನಿ, ಯಾಕೆಂದರೆ ಎಲ್‌ಇಡಿ, ಕಂಪ್ಯೂಟರ್, ಚಾರ್ಜರ್‌ಗಳಿಂದ ಹುಟ್ಟುವ ಮೂರನೇ ಹಾರ್ಮೋನಿಕ್ ಕರೆಂಟ್ (ಮಾಮೂಲಿ ಫ್ರೀಕ್ವೆನ್ಸಿಯ ಮೂರರಷ್ಟರಲ್ಲಿ ಹರಿಯುವುದು) ಮೂರು ಫೇಸಿನಿಂದಲೂ ಬಂದು ನ್ಯೂಟ್ರಲ್‌ನಲ್ಲಿ ಒಂದಕ್ಕೊಂದು ಕೂಡುತ್ತದೆ, ಕಳೆದುಹೋಗುವುದಿಲ್ಲ. ಆಮೇಲೆ ಡಿಜಿ (ಡೀಸೆಲ್ ಜನರೇಟರ್) ಚೇಂಜ್‌ಓವರ್ ಸ್ವಿಚ್, ಬಸ್‌ಬಾರ್ ಜಾಯಿಂಟ್, ಕೆಪಾಸಿಟರ್ ಪ್ಯಾನೆಲ್‌ನ ಇನ್‌ಕಮರ್, ಚಾರ್ಜಿಂಗ್ ಪಾಯಿಂಟ್‌ಗಳಿಗೆ ಹೋಗುವ ಲೈನ್ (ಫೀಡರ್), ಲಿಫ್ಟ್ ಮತ್ತು ಪಂಪ್‌ಗಳ ದೊಡ್ಡ ಔಟ್‌ಗೋಯಿಂಗ್. ಮೆಟ್ಟಿಲ ಲೈಟಿನ ಸಣ್ಣ ಫೀಡರ್‌ಗೆಲ್ಲ ಸುಮ್ನೆ ಖರ್ಚು ಮಾಡಬೇಡಿ.

ಕಟ್ಟುವ ಕೆಲಸ ಪೂರ್ತಿ ಶಟ್‌ಡೌನ್ ತೆಗೆದುಕೊಂಡೇ ಆಗಬೇಕು. ಲೈಸೆನ್ಸ್ ಇರುವ ಕಾಂಟ್ರಾಕ್ಟರ್, ಮೇನ್ ಆಫ್ ಮಾಡಿ ಬೀಗ, ಡಿಜಿ ತಾನಾಗಿ ಸ್ಟಾರ್ಟ್ ಆಗದಂತೆ ಆಫ್, ಟೆಸ್ಟರ್‌ನಲ್ಲಿ ಸಪ್ಲೈ ಇಲ್ಲ ಅಂತ ಖಾತ್ರಿ. ಹತ್ತು ನಿಮಿಷದ ಕೆಲಸ ಸಾರ್, ಲೈನ್ ಇರುವಾಗಲೇ ಹಾಕುತ್ತೇನೆ ಅನ್ನುವವರನ್ನು ಅಲ್ಲೇ ವಾಪಸ್ ಕಳಿಸಿ. ಸೆನ್ಸರ್ ಕೂರಬೇಕಾದ್ದು ಲಗ್‌ನ ಮೇಲೆ, ಅಥವಾ ಬೋಲ್ಟಿನ ಪಕ್ಕದ ಬರಿಯ ಲೋಹದ ಮೇಲೆ. ಬೋಲ್ಟಿನ ಅಡಿಗೆ ಸಿಕ್ಕಿಸಬಾರದು. ಕೇಬಲ್‌ನ ಪ್ಲಾಸ್ಟಿಕ್ ಹೊದಿಕೆ ಮೇಲೆ ಒಂದು ಗೇಣು ದೂರದಲ್ಲಿ ಕಟ್ಟಿದರೆ ಕಡಿಮೆ ಓದು ಬರುತ್ತದೆ. ಮೂರು ಫೇಸಿನಲ್ಲೂ ಒಂದೇ ಜಾಗದಲ್ಲಿ ಇರಬೇಕು, ಇಲ್ಲದಿದ್ದರೆ ಹೋಲಿಸುವುದಕ್ಕೆ ಅರ್ಥವಿಲ್ಲ. ಕಟ್ಟುವ ಪಟ್ಟಿ ಕರೆಂಟ್ ಹರಿಯದ, ಬಿಸಿ ತಡೆಯುವಂಥದ್ದಾಗಿರಲಿ. ಫೇಸ್‌ಗಳ ನಡುವಿನ ಅಂತರ ಕಡಿಮೆಯಾಗಬಾರದು. ಬ್ಯಾಟರಿ ಸೆನ್ಸರ್ ಆದರೆ ಬಿಸಿಯಲ್ಲಿ ಬ್ಯಾಟರಿ ಬೇಗ ಸಾಯುತ್ತದೆ, ಕಂಪನಿ ಹೇಳುವ ವರ್ಷಗಳನ್ನು ತಂಪು ರೂಮಿನ ಲೆಕ್ಕ ಅಂದುಕೊಳ್ಳಿ. ಅದೇ ಶಟ್‌ಡೌನ್‌ನಲ್ಲಿ ಎಲ್ಲ ಬೋಲ್ಟುಗಳನ್ನೂ ಟಾರ್ಕ್ ವ್ರೆಂಚ್‌ನಲ್ಲಿ (ಅಳತೆಗೆ ಸರಿಯಾಗಿ ಬಿಗಿಯುವ ಸ್ಪ್ಯಾನರ್) ನೋಡಿಸಿಬಿಡಿ.

ಬ್ಯಾಟರಿ ಸೆನ್ಸರ್ ಆದರೆ ಸಪ್ಲೈ ಕೊಡುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿಸಿ. ಒಂದೊಂದು ಸೆನ್ಸರನ್ನೂ ಕೈಯಲ್ಲಿ ಹಿಡಿದು ಬಿಸಿ ಮಾಡಿ, ಆ್ಯಪ್‌ನಲ್ಲಿ ಅದೇ ಹೆಸರಿನ ಅಂಕಿ ಏರುತ್ತದಾ ನೋಡಿ. ಆರ್ ಫೇಸ್ ಅಂತ ಬರೆದದ್ದು ನಿಜಕ್ಕೂ ಬಿ ಫೇಸ್ ಮೇಲಿದ್ದರೆ, ಮುಂದೊಂದು ದಿನ ಸರಿಯಿರುವ ಜಾಯಿಂಟ್ ಬಿಚ್ಚಿ, ಕೆಟ್ಟದ್ದನ್ನು ಹಾಗೇ ಬಿಟ್ಟು ಬಾಗಿಲು ಮುಚ್ಚುತ್ತಾರೆ.

ಸ್ವತಃ ಮಾಡಿಕೊಳ್ಳುತ್ತೇವೆ ಅನ್ನುವ ಹುಡುಗರಿಗೆ ಒಂದು ಮಾತು. ಸ್ಟೀಲ್ ಮೂತಿಯ ಡಿಎಸ್18ಬಿ20 ಟೆಂಪರೇಚರ್ ಪ್ರೋಬ್ ತಂದು 415 ವೋಲ್ಟ್ ಬಸ್‌ಬಾರ್‌ಗೆ ಕಟ್ಟಿ ಸಣ್ಣ ಬೋರ್ಡಿಗೆ ವೈರ್ ಎಳೆಯಬೇಡಿ. ಒಳಗಿನ ಸಣ್ಣ ಇನ್ಸುಲೇಶನ್ ಕೈಕೊಟ್ಟರೆ ಲೈವ್ ಲೈನ್ ಆ ವೈರ್ ಹಿಡಿದು ನಿಮ್ಮ ಲ್ಯಾಪ್‌ಟಾಪ್ ತನಕ ಬರುತ್ತದೆ. ವೈರ್‌ಲೆಸ್ ಬೇಕಾಗಿರುವುದೇ ಆ ಕಾರಣಕ್ಕೆ.

ರೇಡಿಯೋ ವಿಷಯವೂ ಕೇಳಿಟ್ಟುಕೊಳ್ಳಿ. ಪ್ಯಾನೆಲ್ ಅಂದರೆ ಕಬ್ಬಿಣದ ಪೆಟ್ಟಿಗೆ, ಸಿಗ್ನಲ್ ಹೊರಗೆ ಬರುವುದು ಕಷ್ಟ. ಗೇಟ್‌ವೇಯ (ಸೆನ್ಸರ್‌ಗಳ ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ಡಬ್ಬಿ) ಆಂಟೆನಾ ಒಳಗೆ ಇರಬೇಕು ಅಥವಾ ತೀರಾ ಹತ್ತಿರ ಇರಬೇಕು, ಮತ್ತು ಪರೀಕ್ಷೆ ಎಲ್ಲ ಬಾಗಿಲು ಮುಚ್ಚಿ ಮಾಡಬೇಕು. ನಮ್ಮಲ್ಲಿ 2.4 ಗಿಗಾಹರ್ಟ್ಸ್ ಮತ್ತು 865ರಿಂದ 868 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ಲದೆ ಬಳಸಬಹುದು. ಅಮೆರಿಕದ 915 ಮೆಗಾಹರ್ಟ್ಸ್ ಮಾಡೆಲ್ ಅಗ್ಗಕ್ಕೆ ಸಿಕ್ಕಿತು ಅಂತ ತರಿಸಬೇಡಿ.

ಇನ್ನು ಅಲಾರಂ. 90 ಡಿಗ್ರಿ ದಾಟಿದರೆ ಕೂಗು ಅಂತ ಒಂದೇ ಗೆರೆ ಎಳೆದು ಬಿಟ್ಟರೆ ಅರ್ಧ ಉಪಯೋಗ ಹೋಯಿತು. ರಾಯಚೂರು, ಕಲಬುರಗಿಯಲ್ಲಿ ಮೇ ತಿಂಗಳ ಗಾಳಿಯೇ 40 ದಾಟುತ್ತದೆ, ಮಡಿಕೇರಿಯಲ್ಲಿ ಡಿಸೆಂಬರ್ ರಾತ್ರಿ ಬೇರೆ ಕಥೆ. ಫೇಸ್‌ಗಳ ನಡುವಿನ ವ್ಯತ್ಯಾಸ ನೋಡುವುದು ಹೆಚ್ಚು ನಂಬಿಕೆಯ ದಾರಿ. ಒಂದೇ ಲೋಡ್ ಇರುವ, ಒಂದೇ ಥರದ ಜಾಯಿಂಟ್‌ಗಳ ನಡುವೆ 4ರಿಂದ 15 ಡಿಗ್ರಿ ಅಂತರ ಇದ್ದರೆ ಏನೋ ದೋಷ ಇರುವ ಸಾಧ್ಯತೆ ಜಾಸ್ತಿ, 15 ದಾಟಿದರೆ ತಕ್ಷಣ ರಿಪೇರಿ ಅನ್ನುತ್ತದೆ ಎಲೆಕ್ಟ್ರಿಕಲ್ ಟೆಸ್ಟಿಂಗ್‌ಗೆ ಸಂಬಂಧಿಸಿದ ಅಮೆರಿಕದ ನೀಟಾ (NETA) ಸಂಸ್ಥೆಯ ಪಟ್ಟಿ. ಅಪಾರ್ಟ್‌ಮೆಂಟಿನಲ್ಲಿ ಫೇಸ್‌ಗಳ ಲೋಡ್ ಒಂದೇ ಇರುವುದಿಲ್ಲ, ಅದಕ್ಕೇ ಪಕ್ಕದಲ್ಲಿ ಆಂಪ್ಸ್ ಕೂಡ ಕಾಣುವಂತಿರಲಿ. ಸೆನ್ಸರ್ ಮಾತಾಡುವುದು ನಿಲ್ಲಿಸಿದರೆ ಅದಕ್ಕೂ ಅಲಾರಂ ಬೇಕು. ಗೇಟ್‌ವೇಗೆ ಯುಪಿಎಸ್ ಕೊಡಿ, ಸೆಕ್ಯೂರಿಟಿ ರೂಮಿನಲ್ಲೊಂದು ಹೂಟರ್ ಇಡಿ. ಇಂಟರ್‌ನೆಟ್ ಹೋದ ರಾತ್ರಿಯೂ ಅದು ಕೂಗುತ್ತದೆ.

ಮೆಸೇಜ್ ಬಂದಾಗ ಏನು ಮಾಡಬೇಕು ಅಂತ ಇವತ್ತೇ ಬರೆದು ಎಲೆಕ್ಟ್ರಿಕಲ್ ರೂಮಿನ ಬಾಗಿಲಿಗೆ ಅಂಟಿಸಿ. ಪ್ಯಾನೆಲ್ ಬಾಗಿಲು ತೆಗೆಯುವುದು, ಲೈನ್ ಇರುವಾಗ ಸ್ಪ್ಯಾನರ್ ಹಿಡಿದು ಬಿಗಿಯಲು ಹೋಗುವುದು ಬೇಡವೇ ಬೇಡ. ಮೊದಲು ಆ ಫೀಡರ್‌ನ ಲೋಡ್ ಇಳಿಸಿ, ಚಾರ್ಜಿಂಗ್ ನಿಲ್ಲಿಸಿ. ಬಿಸಿ ಇಳಿದರೆ ಶಟ್‌ಡೌನ್‌ಗೆ ಸಮಯ ಗೊತ್ತು ಮಾಡಿ. ಇಳಿಯದಿದ್ದರೆ, ವಾಸನೆ ಬಂದರೆ, ದೂರದಿಂದಲೇ ಮೇನ್ ಆಫ್. ಆ ನಿರ್ಧಾರ ತೆಗೆದುಕೊಳ್ಳಲು ರಾತ್ರಿ ಎರಡಕ್ಕೆ ಡ್ಯೂಟಿಯಲ್ಲಿರುವ ಮೇಂಟೆನೆನ್ಸ್ ಹುಡುಗನಿಗೆ ಕಮಿಟಿಯ ಅನುಮತಿ ಮೊದಲೇ, ಬರವಣಿಗೆಯಲ್ಲಿ ಇರಬೇಕು.