ರಾತ್ರಿಯ ವೈನ್ ಬೆಳಗಿನ ಬೆವರಲ್ಲಿ ಹೋಗುತ್ತಾ?

ಪ್ರಶ್ನೆ: ಡಾಕ್ಟ್ರೇ, ನನಗೆ 38 ವರ್ಷ. ವಾರಕ್ಕೆ ಐದು ದಿನ ಬೆಳಿಗ್ಗೆ ಆರಕ್ಕೆಲ್ಲ ಕಬ್ಬನ್ ಪಾರ್ಕಿನಲ್ಲಿ ಓಡ್ತೀನಿ. ರಾತ್ರಿ ಊಟದ ಜೊತೆ ಒಂದು ಗ್ಲಾಸ್ ವೈನ್ ಅಭ್ಯಾಸ. ಇದರಿಂದ ಸ್ತನ ಕ್ಯಾನ್ಸರ್ ಬರಬಹುದು ಅಂತ ನಮ್ಮ ಅತ್ತಿಗೆ ಹೆದರಿಸ್ತಾರೆ. ಕುಡಿದದ್ದೆಲ್ಲ ಬೆವರಲ್ಲಿ ಹೋಗುತ್ತಲ್ವಾ?

ಉತ್ತರ: ಹೋಗುವುದಿಲ್ಲ. ನಿಮ್ಮ ಅತ್ತಿಗೆ ಸುಮ್ನೆ ಹೆದರಿಸುತ್ತಿಲ್ಲ, ಅವರ ಮಾತಿನಲ್ಲಿ ನಿಜವಿದೆ. ಈ ಬೆವರಿನ ಮಾತಿಗೆ ನಾನು ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಒಬ್ಬರಿಗೆ ಬಿಡಿಸಿ ಹೇಳಿ ಕಳಿಸಿದರೆ ಮರುದಿನ ಇನ್ನೊಬ್ಬರು ಅದನ್ನೇ ಕೇಳುತ್ತಾರೆ. ಹಾಗಾಗಿ ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಆಲ್ಕೋಹಾಲ್ ಎಲ್ಲಿಗೆ ಹೋಗುತ್ತದೆ ನೋಡೋಣ. ಕುಡಿದದ್ದರಲ್ಲಿ ನೂರಕ್ಕೆ 90 ಪಾಲಿಗಿಂತ ಜಾಸ್ತಿಯನ್ನು ಕರಗಿಸುವುದು ಲಿವರ್. ಉಸಿರು, ಮೂತ್ರ, ಬೆವರು ಮೂರೂ ಸೇರಿ ಹೊರಹಾಕುವುದು ಉಳಿದ ಚೂರುಪಾರನ್ನು ಮಾತ್ರ. ಲಿವರ್ ಕೆಲಸಕ್ಕೆ ತನ್ನದೇ ವೇಗವಿದೆ, ಗಂಟೆಗೆ ಸುಮಾರು 7ರಿಂದ 10 ಗ್ರಾಂ. ನೀವು ಓಡಿದರೂ ಅಷ್ಟೇ, ಮಲಗಿದರೂ ಅಷ್ಟೇ. ರಾತ್ರಿ ಒಂಬತ್ತಕ್ಕೆ ಕುಡಿದ ಒಂದು ಗ್ಲಾಸ್ ವೈನ್ ನಡುರಾತ್ರಿಯ ಹೊತ್ತಿಗೆ ಮುಗಿದೇ ಹೋಗಿರುತ್ತದೆ. ಬೆಳಿಗ್ಗೆ ಆರಕ್ಕೆ ನೀವು ಶೂ ಕಟ್ಟುವಾಗ ಬೆವರಲ್ಲಿ ಹೋಗೋಕೆ ಉಳಿದಿರುವುದಾದರೂ ಏನು? ಟೀ ಶರ್ಟ್ ಒದ್ದೆಯಾಗುವುದು ನೀರು ಮತ್ತು ಉಪ್ಪಿನಿಂದ.

ಮುಗಿದು ಹೋಯಿತಲ್ಲ, ಹಾಗಾದರೆ ಒಳ್ಳೆಯದೇ ಅಲ್ವಾ ಅನ್ನಬೇಡಿ. ತೊಂದರೆ ಇರುವುದೇ ಆ ಮೂರು ಗಂಟೆಯಲ್ಲಿ. ಲಿವರ್ ಆಲ್ಕೋಹಾಲನ್ನು ಒಡೆಯುವಾಗ ಮೊದಲು ಹುಟ್ಟುವುದು ಅಸಿಟಾಲ್ಡಿಹೈಡ್ ಎಂಬ ವಿಷ. ಇದು ಜೀವಕೋಶದ ಡಿಎನ್‌ಎಗೇ ಪೆಟ್ಟು ಕೊಡುತ್ತದೆ. ಜೊತೆಗೆ ಆಲ್ಕೋಹಾಲ್ ರಕ್ತದಲ್ಲಿ ಈಸ್ಟ್ರೋಜನ್ ಏರಿಸುತ್ತದೆ. ಸ್ತನದ ಜೀವಕೋಶಗಳಿಗೆ ಬೆಳೆಯಲು ಹೇಳುವ ಹಾರ್ಮೋನ್ ಅದೇ. ಬೆಳಗಿನ ಓಟ ಹಿಂದಕ್ಕೆ ಹೋಗಿ ರಾತ್ರಿಯ ಪೆಟ್ಟನ್ನು ಅಳಿಸಲಾರದು. ಕ್ಯಾಲೊರಿಗೆ ಜಮಾ-ಖರ್ಚು ಹಾಕಬಹುದು. ಡಿಎನ್‌ಎಗೆ ಆ ಲೆಕ್ಕ ನಡೆಯುವುದಿಲ್ಲ.

ಅಪಾಯ ಎಷ್ಟು? 53 ಅಧ್ಯಯನಗಳನ್ನು ಒಟ್ಟುಗೂಡಿಸಿದ ದೊಡ್ಡ ಲೆಕ್ಕವೊಂದು 2002ರಲ್ಲಿ ಪ್ರಕಟವಾಯಿತು. ದಿನಕ್ಕೆ 10 ಗ್ರಾಂ ಆಲ್ಕೋಹಾಲ್ ಹೆಚ್ಚಿದಂತೆಲ್ಲ ಸ್ತನ ಕ್ಯಾನ್ಸರಿನ ಅಪಾಯ ಸುಮಾರು ಶೇ. 7ರಷ್ಟು ಏರುತ್ತದೆ ಎಂದು ಅದು ತೋರಿಸಿತು. ಕುಡಿಯದ ನೂರು ಹೆಂಗಸರಲ್ಲಿ 80 ವರ್ಷದೊಳಗೆ 8.8 ಮಂದಿಗೆ ಕಾಯಿಲೆ ಬಂದರೆ, ದಿನಕ್ಕೆ 20 ಗ್ರಾಂ ಕುಡಿಯುವ ನೂರು ಮಂದಿಯಲ್ಲಿ 10.1. ಇದು ಶ್ರೀಮಂತ ದೇಶಗಳ ಲೆಕ್ಕ, ನಮ್ಮಲ್ಲಿ ಮೂಲ ಸಂಖ್ಯೆಯೇ ಕಡಿಮೆ. ಒಂದು ಗ್ಲಾಸ್ ಕುಡಿದವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಅಂತಲ್ಲ. ಆದರೆ ಅಪಾಯವೇ ಇಲ್ಲದ ಪ್ರಮಾಣ ಅಂತ ಯಾವುದೂ ಸಿಕ್ಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಇದನ್ನೇ ನೇರವಾಗಿ ಹೇಳಿತು.

ಇನ್ನು ನಿಮ್ಮ 'ಒಂದು ಗ್ಲಾಸ್'. ಇದೇ ಮಾತು ಹೇಳಿದ ಒಬ್ಬರಿಗೆ ನಾನು ಕ್ಲಿನಿಕ್ಕಿನಲ್ಲೇ ಖಾಲಿ ಗ್ಲಾಸ್ ಕೊಟ್ಟು, ದಿನಾ ಸುರಿದುಕೊಳ್ಳುವಷ್ಟು ನೀರು ಸುರಿಯಿರಿ ಅಂದೆ. ಆ ನೀರನ್ನು ಅಳತೆ ಲೋಟಕ್ಕೆ ಬಗ್ಗಿಸಿದೆ. 210 ಎಂಎಲ್! ಶೇ. 12ರ ವೈನ್ ಆದರೆ ಅದರಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್. ಅಂದರೆ 60 ಎಂಎಲ್ ವಿಸ್ಕಿ, ಒಂದು ಲಾರ್ಜ್. ವಿಸ್ಕಿ ಅಂದರೆ ಮೂಗು ಮುರಿಯುವ ಆಕೆ ಆ ಲೋಟವನ್ನೇ ನೋಡುತ್ತಾ ಕೂತರು.

ವೈನ್ ಅಂದರೆ ದ್ರಾಕ್ಷಿ ರಸ ತಾನೇ ಅನ್ನುವವರಿಗೂ ಉತ್ತರ ಇದರಲ್ಲೇ ಇದೆ. ಕೆಂಪೋ ಬಿಳಿಯೋ, ಬಿಯರೋ ಬ್ರಾಂಡಿಯೋ, ಸ್ತನಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕೊಡಗಿನಿಂದ ತಂದ ಹೋಮ್‌ಮೇಡ್ ವೈನ್ ಕೂಡ ಅಷ್ಟೇ. ಮನೆಯಲ್ಲಿ ಮಾಡಿದ ಮಾತ್ರಕ್ಕೆ ಅದು ಪಾನಕವಾಗುವುದಿಲ್ಲ.

ಹಾಗಂತ ಓಡುವುದನ್ನು ಬಿಡಬೇಡಿ. ವ್ಯಾಯಾಮ ತನ್ನಷ್ಟಕ್ಕೆ ಸ್ತನ ಕ್ಯಾನ್ಸರಿನ ಅಪಾಯವನ್ನು ಶೇ. 10ರಿಂದ 20ರಷ್ಟು ತಗ್ಗಿಸುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ತಯಾರಾಗುವುದು ಹೆಚ್ಚಾಗಿ ಕೊಬ್ಬಿನಲ್ಲಿ, ಆಗಂತೂ ಮೈ ದಂಡಿಸುವುದು ಇನ್ನೂ ಮುಖ್ಯ. ಓಡಲೇಬೇಕು ಅಂತಿಲ್ಲ. ಮಾತಾಡಬಹುದು ಆದರೆ ಹಾಡೋಕಾಗಲ್ಲ ಅನ್ನುವಷ್ಟು ಬಿರುಸಿನ ನಡಿಗೆ ವಾರಕ್ಕೆ 150 ನಿಮಿಷ ಇದ್ದರೂ ಸಾಕು.

ನೀವು ಕೇಳದಿದ್ದರೂ ಇನ್ನೊಂದು ಮಾತು ಹೇಳಬೇಕು. ಇದನ್ನು ಓದುತ್ತಿರುವ ಹೆಚ್ಚಿನವರು 'ನಾನಂತೂ ಮುಟ್ಟೋದೇ ಇಲ್ಲ, ನನಗೇನು ಭಯ' ಅಂದುಕೊಂಡಿರುತ್ತೀರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಕುಡಿಯುವ ಹೆಂಗಸರು ನೂರಕ್ಕೆ ಒಬ್ಬರೋ ಏನೋ. ಆದರೂ ಭಾರತದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ನಗರದ ಕ್ಯಾನ್ಸರ್ ಲೆಕ್ಕ ಇಡುತ್ತಿದೆ. ಆಗ ಗರ್ಭಕೊರಳಿನ ಕ್ಯಾನ್ಸರ್ ಮುಂದಿತ್ತು, ಈಗ ಸ್ತನದ್ದು. ವಯಸ್ಸು, ಮನೆತನ, ತಡವಾದ ಹೆರಿಗೆ, ಏರಿದ ತೂಕ, ಎಲ್ಲಕ್ಕೂ ಇದರಲ್ಲಿ ಪಾಲಿದೆ. ನನ್ನ ಬಳಿ ಗಂಟು ತೋರಿಸಲು ಬರುವ ಹೆಂಗಸರಲ್ಲಿ ಒಂದು ಹನಿಯನ್ನೂ ಕುಡಿದವರು ಅಪರೂಪ.

ಅವರೆಲ್ಲ ತಡವಾಗಿ ಬರುವುದು ಯಾಕೆ ಗೊತ್ತೇ? 'ನೋವಿರಲಿಲ್ಲ ಡಾಕ್ಟ್ರೇ, ಅದಕ್ಕೇ ಸುಮ್ಮನಿದ್ದೆ.' ಶುರುವಿನಲ್ಲಿ ಈ ಗಂಟು ಸಾಮಾನ್ಯವಾಗಿ ನೋಯುವುದೇ ಇಲ್ಲ. ಸ್ನಾನ ಮಾಡುವಾಗ ಕೈಗೆ ಹೊಸ ಗಂಟು ಸಿಕ್ಕರೆ, ತೊಟ್ಟು ಒಳಕ್ಕೆ ಎಳೆದುಕೊಂಡರೆ, ತೊಟ್ಟಿನಿಂದ ರಕ್ತ ಬಂದರೆ, ನೋವಿಗಾಗಿ ಕಾಯಬೇಡಿ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲೂ ಸ್ತನ ತಪಾಸಣೆಯ ವ್ಯವಸ್ಥೆ ಇದೆ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಒಬ್ಬರೇ ಹೋಗಲು ಸಂಕೋಚವಾದರೆ ನಿಮ್ಮ ಅತ್ತಿಗೆಯನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರಿಗೂ ಒಂದು ತಪಾಸಣೆ ಆಗಲಿ.