ವೈರ್‌ಗೆ ಮೊದಲು ನಿಯಮ ಬಂತು, ಕಲಿಯುವವನಿಗೆ ಕೊನೆಗೆ

ಒಬ್ಬ ಎಲೆಕ್ಟ್ರಿಷಿಯನ್ ಜೊತೆ ಎಷ್ಟು ಜನ ಕಲಿಯುವವರು ಕೆಲಸಕ್ಕೆ ಇಳಿಯಬಹುದು? ಅವರ ಮೇಲೆ ಕಣ್ಣಿಡಲು ಆತ ಅದೇ ಕೋಣೆಯಲ್ಲಿರಬೇಕೋ, ಅದೇ ಕಟ್ಟಡದಲ್ಲಿದ್ದರೆ ಸಾಕೋ, ಫೋನಿಗೆ ಸಿಕ್ಕರೂ ನಡೆಯುತ್ತದೋ? ಮೇಲುನೋಟಕ್ಕೆ ಇವು ಕಚೇರಿಯ ಫೈಲಿಗೆ ಸೇರಿದ ಪ್ರಶ್ನೆಗಳು. ಆದರೆ ಅಮೆರಿಕ ಮತ್ತು ಕೆನಡಾದಲ್ಲಿ ಇವೇ ಪ್ರಶ್ನೆಗಳು ಶಾಸನಸಭೆಯ ತನಕ ಹೋಗಿವೆ. ಸರ್ಕಾರ ಬದಲಾದಾಗ ಉತ್ತರವೂ ಬದಲಾದದ್ದುಂಟು.

ವಿದ್ಯುತ್ ಕೆಲಸದ ಕಾನೂನುಗಳು ಹುಟ್ಟಿದ ಬಗೆಯನ್ನು ನೋಡಿದರೆ ಒಂದು ಕ್ರಮ ಕಾಣಿಸುತ್ತದೆ. ಮೊದಲು ವೈರ್‌ಗೆ ನಿಯಮ ಬಂತು. ಆಮೇಲೆ ಗುತ್ತಿಗೆದಾರನಿಗೆ ಮತ್ತು ಕೆಲಸಗಾರನಿಗೆ, ದೇಶಕ್ಕೆ ತಕ್ಕಂತೆ ಹಿಂದೆಮುಂದೆಯಾಗಿ. ಕಲಿಯುವವನ ಸರದಿ ಬಂದದ್ದು ಎಲ್ಲರಿಗಿಂತ ಕೊನೆಗೆ. ಯಾರಿಗೆ ಹಣದ ನಷ್ಟ ಹೆಚ್ಚೋ ಅವರ ಭಯಕ್ಕೆ ಕಾನೂನು ಮೊದಲು ಕಿವಿಗೊಟ್ಟಿತು ಎಂಬುದು ನನ್ನ ಓದು.

1882ರಲ್ಲಿ ಲಂಡನ್ನಿನ ಸೊಸೈಟಿ ಆಫ್ ಟೆಲಿಗ್ರಾಫ್ ಎಂಜಿನಿಯರ್ಸ್ ಅಂಡ್ ಆಫ್ ಎಲೆಕ್ಟ್ರಿಷಿಯನ್ಸ್ ಎಂಬ ಸಂಘ, ವಿದ್ಯುದ್ದೀಪದಿಂದ ಬೆಂಕಿ ಬೀಳದಂತೆ ಪಾಲಿಸಬೇಕಾದ ನಿಯಮಗಳನ್ನು ಪ್ರಕಟಿಸಿತು. ಇದ್ದದ್ದು ಕೆಲವೇ ಪುಟ. ಇಂದು ಬ್ರಿಟನ್ನಿನಲ್ಲಿ ಬಿಎಸ್ 7671 ಎಂಬ ದಪ್ಪ ಪುಸ್ತಕವಾಗಿರುವ ವೈರಿಂಗ್ ನಿಯಮಗಳ ಮೂಲ ಅದೇ. ಅದೇ ವರ್ಷ ಫೀನಿಕ್ಸ್ ಫೈರ್ ಆಫೀಸ್ ಎಂಬ ವಿಮಾ ಕಂಪನಿಯ ಎಂಜಿನಿಯರ್ ಮಸ್ಗ್ರೇವ್ ಹೀಫಿ ಕೂಡ ಕಂಪನಿಯ ಪರವಾಗಿ ಒಂದು ನಿಯಮಾವಳಿ ಹೊರತಂದ. ಅಮೆರಿಕದಲ್ಲೂ ಮೊದಲು ಎಚ್ಚೆತ್ತವರು ಬೆಂಕಿ ವಿಮೆಯವರೇ. ಅಲ್ಲಿ ಹರಿದು ಹಂಚಿಹೋಗಿದ್ದ ಹಲವು ನಿಯಮಾವಳಿಗಳನ್ನು ಒಂದುಗೂಡಿಸಿ 1897ರಲ್ಲಿ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ ಬಂತು. ಸುಟ್ಟ ಕಟ್ಟಡಕ್ಕೆ ದುಡ್ಡು ಕಟ್ಟಬೇಕಾದವರು ವಿಮೆಯವರು. ತಂತಿಯ ದಪ್ಪ, ಜಾಯಿಂಟು, ಫ್ಯೂಸು, ತೇವ ಇವಿಷ್ಟರ ಸುತ್ತಲೇ ಅವರ ಮಾತು ತಿರುಗಿದ್ದರಲ್ಲಿ ಅಚ್ಚರಿಯಿಲ್ಲ.

ಲಂಡನ್ ಸಂಘದ ಆ ಕೆಲವು ಪುಟಗಳು ಮಾತ್ರ ತಂತಿಗಷ್ಟೇ ನಿಲ್ಲಲಿಲ್ಲ. ಹೊಸ ವಿದ್ಯುತ್ ಬಳಕೆಯ ಮುಖ್ಯ ಅಪಾಯ ಹುಟ್ಟುವುದೇ ಸಾಮಾನು ಒದಗಿಸಿ ಜೋಡಿಸುವವರ ಅಜ್ಞಾನ ಮತ್ತು ಅನನುಭವದಿಂದ ಎಂದು ಅದರಲ್ಲಿತ್ತು. ನುರಿತ, ಅನುಭವಿ ಎಲೆಕ್ಟ್ರಿಷಿಯನ್ನರಿಂದ ಕೆಲಸದ ಮೇಲ್ವಿಚಾರಣೆ ಮಾಡಿಸುವುದೇ ಸುರಕ್ಷತೆಯ ಮುಖ್ಯ ಆಧಾರ ಎಂದೂ ಇತ್ತು. ಅಂದರೆ ರೋಗ ಯಾವುದು, ಮದ್ದು ಯಾವುದು ಎಂಬುದು ಮೊದಲ ದಿನವೇ ಗೊತ್ತಿತ್ತು. ನುರಿತವನು ಯಾರೆಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಗೆ ಮಾತ್ರ ಉತ್ತರವಿರಲಿಲ್ಲ. ಒಂದು ಸಂಘಕ್ಕೆ ಆ ಅಧಿಕಾರವೂ ಇರಲಿಲ್ಲ.

ಕೈಕೆಲಸ ಕಲಿಯುವವರಿಗಾಗಿ ಇಂಗ್ಲೆಂಡಿನಲ್ಲಿ ಹಿಂದೆ ಕಾನೂನು ಇತ್ತು. 1563ರ ಶಾಸನದ ಪ್ರಕಾರ ಏಳು ವರ್ಷ ಗುರುವಿನ ಬಳಿ ದುಡಿಯದೆ ಯಾರೂ ಆಗ ಚಾಲ್ತಿಯಲ್ಲಿದ್ದ ಕಸುಬುಗಳಿಗೆ ಕೈಹಾಕುವಂತಿರಲಿಲ್ಲ. ಕಾರ್ಖಾನೆಗಳ ಕಾಲ ಬಂದಾಗ ಅದು ಹೊರೆ ಎನಿಸಿತು. 1814ರಲ್ಲಿ ಅದನ್ನು ತೆಗೆದುಹಾಕಿದರು. ವಿದ್ಯುತ್ ಕೆಲಸ ಒಂದು ಕಸುಬಾಗುವ ಹೊತ್ತಿಗೆ ಗುರುಶಿಷ್ಯರ ಕಾನೂನು ಇಲ್ಲವಾಗಿ ಎಪ್ಪತ್ತು ವರ್ಷಗಳ ಹತ್ತಿರವಾಗಿತ್ತು. ಉಳಿದದ್ದು ರೂಢಿ ಮಾತ್ರ. ಜೀವಕ್ಕೆ ಇಷ್ಟು ನೇರವಾಗಿ ಕುತ್ತು ತರುವ ಕೆಲಸ ಸರಿಯಾಗಿ ಆ ಖಾಲಿ ಜಾಗದಲ್ಲಿ ಹುಟ್ಟಿತು.

ಅದರ ಬೆಲೆ ಏನೆಂದು ನ್ಯೂಯಾರ್ಕ್ ನಗರ 1889ರ ಅಕ್ಟೋಬರ್ 11ರಂದು ನಡುಹಗಲಲ್ಲಿ ನೋಡಿತು. ಜಾನ್ ಫೀಕ್ಸ್ ಎಂಬ ಲೈನ್‌ಮನ್ ಟೆಲಿಗ್ರಾಫ್ ಕಂಬ ಹತ್ತಿದ್ದ. ಅವನು ಮುಟ್ಟಿದ್ದು ಅಪಾಯವಿಲ್ಲದ, ಕಡಿಮೆ ವೋಲ್ಟೇಜಿನ ತಂತಿ. ಆದರೆ ಆ ತಂತಿ ಬೇರೆಲ್ಲೋ ಬೀದಿದೀಪದ ಹೈವೋಲ್ಟೇಜ್ ಲೈನಿಗೆ ತಾಗಿತ್ತು. ಅವನ ದೇಹ ತಂತಿಗಳ ಬಲೆಯಲ್ಲಿ ಬಹಳ ಹೊತ್ತು ನೇತಾಡಿತು. ಬಾಯಿಂದ, ಕೈಯಿಂದ ಕಿಡಿ ಹಾರುವುದನ್ನು ಕೆಳಗೆ ಸಾವಿರಾರು ಜನ ನಿಂತು ನೋಡಿದರು. ಊರು ರೊಚ್ಚಿಗೆದ್ದಿತು. ಆಮೇಲೆ ನಗರಾಡಳಿತ ಮಾಡಿದ್ದೇನು? ಕಂಬಗಳನ್ನು ಕಡಿಸಿತು, ತಂತಿಗಳನ್ನು ನೆಲದಡಿಗೆ ತಳ್ಳಿತು. ಆ ಕ್ರಮ ಬೇಕೇ ಇತ್ತು. ಆದರೆ ಕಂಬ ಹತ್ತುವವನಿಗೆ ಯಾರು ಕಲಿಸಿದರು, ಲೈನನ್ನು ಪರೀಕ್ಷಿಸದೆ ಅವನನ್ನು ಹತ್ತಿಸಿದವರು ಯಾರು ಎಂಬ ಮಾತು ಬೀದಿಯ ಸಿಟ್ಟಿನಲ್ಲಿ ಎಲ್ಲೋ ಕಳೆದುಹೋಯಿತು.

ಆ ಮಾತನ್ನು ಎತ್ತಿದವರು ಕೆಲಸಗಾರರೇ. 1891ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಹತ್ತು ಮಂದಿ ಪ್ರತಿನಿಧಿಗಳು ಸೇರಿ ವಿದ್ಯುತ್ ಕೆಲಸಗಾರರ ರಾಷ್ಟ್ರೀಯ ಸಂಘ ಕಟ್ಟಿದರು. ಮೊದಲ ಅಧ್ಯಕ್ಷ ಹೆನ್ರಿ ಮಿಲ್ಲರ್ 1896ರಲ್ಲಿ ಲೈನಿನ ಮೇಲೆ ಕೆಲಸ ಮಾಡುತ್ತಿದ್ದಾಗಲೇ ಶಾಕ್ ಹೊಡೆದು, ಕಂಬದಿಂದ ಬಿದ್ದು ಸತ್ತ. ಐಬಿಇಡಬ್ಲ್ಯು ಎಂದು ಇಂದು ಹೆಸರಾಗಿರುವ ಈ ಸಂಘ ಮೊದಲಿನಿಂದಲೂ ಅಪ್ರೆಂಟಿಸ್ ತರಬೇತಿಗೆ ಪಟ್ಟು ಹಿಡಿಯಿತು. ಅದರಲ್ಲಿ ಪ್ರಾಣಭಯವೂ ಇತ್ತು, ಕೂಲಿಯ ಲೆಕ್ಕವೂ ಇತ್ತು. ಕಲಿತವನ ಅರ್ಧ ಸಂಬಳಕ್ಕೆ ನಾಲ್ಕು ಹುಡುಗರು ಸಿಗುವಂತಾದರೆ ಕಲಿತವನ ಗತಿಯೇನು? ಈ ಎರಡು ಉದ್ದೇಶಗಳನ್ನು ಬಿಡಿಸಿ ನೋಡುವುದು ಆಗಲೂ ಕಷ್ಟವಿತ್ತು, ಈಗಲೂ ಕಷ್ಟ. ಬಿಡಿಸಲೇಬೇಕೆಂದೂ ನನಗೆ ಅನಿಸುವುದಿಲ್ಲ.

ಸರ್ಕಾರವೇ ಮನುಷ್ಯನ ಕಡೆ ನೋಡಿದ ಆರಂಭದ ಉದಾಹರಣೆಗಳಲ್ಲಿ ಬ್ರಿಟನ್ನಿನ ಕಾರ್ಖಾನೆಗಳ 1908ರ ವಿದ್ಯುತ್ ನಿಯಮಗಳು ಒಂದು. ತಿಳಿವಳಿಕೆ ಬೇಕಾದ ಕೆಲಸವನ್ನು ಅಧಿಕೃತ ವ್ಯಕ್ತಿ ಮಾಡಬೇಕು, ಇಲ್ಲವೇ ಅವನ ನೇರ ಮೇಲ್ವಿಚಾರಣೆಯಲ್ಲಿ ಸಮರ್ಥನೊಬ್ಬ ಮಾಡಬೇಕು. ದುರಸ್ತಿ, ಬದಲಾವಣೆಯಂಥ ಕೆಲಸಕ್ಕಾದರೆ ಆ ಸಮರ್ಥನಿಗೆ 21 ವರ್ಷ ತುಂಬಿರಬೇಕು, ಮತ್ತು ಯಾರೂ ಅದನ್ನು ಒಂಟಿಯಾಗಿ ಮಾಡಕೂಡದು. ಎಷ್ಟು ನಿಚ್ಚಳ! 1989ರಲ್ಲಿ ಇದರ ಜಾಗಕ್ಕೆ ಬಂದ ಹೊಸ ನಿಯಮ ವಯಸ್ಸಿನ ಮಾತನ್ನು ಕೈಬಿಟ್ಟಿತು. ಜ್ಞಾನ ಅಥವಾ ಅನುಭವ ಇಲ್ಲದವನು ಕೆಲಸದ ಸ್ವರೂಪಕ್ಕೆ ತಕ್ಕಷ್ಟು ಮೇಲ್ವಿಚಾರಣೆಯಲ್ಲಿ ಇದ್ದರಾಯಿತು ಎಂದಿತು. ಎಷ್ಟು ತಕ್ಕಷ್ಟು ಎಂಬುದನ್ನು ಮಾಲೀಕನೇ ತೀರ್ಮಾನಿಸಬೇಕು. ಅವನ ತೀರ್ಮಾನ ತಪ್ಪಿತ್ತೇ ಎಂದು ನ್ಯಾಯಾಲಯ ನೋಡುವುದು ಬಹುಪಾಲು ಅವಘಡವಾದ ಮೇಲೆ.

ಆ ದೇಶದ ಇನ್ನೊಂದು ವಿಚಿತ್ರ: ಎಲೆಕ್ಟ್ರಿಷಿಯನ್ ಎಂದು ಕರೆದುಕೊಳ್ಳಲು ಅಲ್ಲಿ ಸರ್ಕಾರದ ಪರವಾನಗಿ ಇವತ್ತಿಗೂ ಬೇಕಿಲ್ಲ. 1923ರಲ್ಲಿ ಗುತ್ತಿಗೆದಾರರ ಸ್ವಯಂಪ್ರೇರಿತ ನೋಂದಣಿ ಶುರುವಾಯಿತು. ಮನೆಗಳ ವೈರಿಂಗ್ ಕಟ್ಟಡ ನಿಯಮದಡಿ ಬಂದದ್ದು 2005ರಲ್ಲಿ, ಅದೂ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ. ಅದೇ ಸಾಮ್ರಾಜ್ಯದ ಭಾಗವಾಗಿದ್ದ ನ್ಯೂಜಿಲೆಂಡ್ ಮಾತ್ರ 1925ರಲ್ಲೇ ವೈರ್‌ಮನ್‌ಗಳ ನೋಂದಣಿ ಕಾಯ್ದೆ ತಂದು ವ್ಯಕ್ತಿಯನ್ನೇ ಕಾನೂನಿನ ಒಳಗೆ ತಂದಿತ್ತು.

ಭಾರತ ಮೂರು ಹಂತದ ದಾರಿ ಹಿಡಿಯಿತು. 1956ರ ವಿದ್ಯುತ್ ನಿಯಮಗಳ 45ನೇ ನಿಯಮದ ಪ್ರಕಾರ ವೈರಿಂಗ್ ಕೆಲಸವನ್ನು ಪರವಾನಗಿ ಇರುವ ಗುತ್ತಿಗೆದಾರ ವಹಿಸಿಕೊಳ್ಳಬೇಕು, ಸಾಮರ್ಥ್ಯ ಪ್ರಮಾಣಪತ್ರ ಪಡೆದವನು ನೇರವಾಗಿ ಮೇಲ್ವಿಚಾರಣೆ ಮಾಡಬೇಕು, ಪರ್ಮಿಟ್ ಇರುವವನು ಕೈಯಾರೆ ಮಾಡಬೇಕು. ಬಲ್ಬು, ಫ್ಯೂಸು, ಸ್ವಿಚ್ಚು ಬದಲಾಯಿಸುವಂಥ ಸಣ್ಣಪುಟ್ಟ ಕೆಲಸಕ್ಕೆ ವಿನಾಯಿತಿ. ಇದೇ ಚೌಕಟ್ಟು 2010ರ ಸುರಕ್ಷತಾ ನಿಯಮಾವಳಿಯಲ್ಲೂ ಮುಂದುವರಿಯಿತು. ಕಾಗದದ ಮೇಲೆ ಇದಕ್ಕಿಂತ ಬಿಗಿಯಾದ ಏರ್ಪಾಡು ಕಡಿಮೆ. ಆದರೆ ಆ ವಾಕ್ಯದಲ್ಲಿ ಕಲಿಯುವವನಿಗೆ ಪ್ರತ್ಯೇಕ ಜಾಗವಿಲ್ಲ. ಅಪ್ರೆಂಟಿಸ್ ಕಾಯ್ದೆ ಬಂದದ್ದು 1961ರಲ್ಲಿ, ಬೇರೆ ಇಲಾಖೆಯ ಬೇರೆ ಕಾನೂನಾಗಿ. ಏಣಿ ಹಿಡಿದು, ಗೋಡೆ ಕೊರೆದು, ಪೈಪಿನಲ್ಲಿ ವೈರ್ ಎಳೆದು ಕೆಲಸ ಕಲಿಯುವ ಹೆಲ್ಪರ್ ಈ ಎರಡರಲ್ಲಿ ಎಲ್ಲಿ ನಿಲ್ಲುತ್ತಾನೆ ಎಂದು ಹುಡುಕಬೇಕು.

ಹತ್ತಿರ ಒಬ್ಬರು ಇರುವುದರಿಂದ ಆಗುವ ವ್ಯತ್ಯಾಸವಾದರೂ ಏನು? ಒಂದೇ ಉದಾಹರಣೆ ಸಾಕು. ಒಂದು ಜಂಕ್ಷನ್ ಬಾಕ್ಸ್. ಕೆಲಸ ಮಾಡಬೇಕಾದ ಸರ್ಕ್ಯೂಟಿನ ಎಂಸಿಬಿ, ಅಂದರೆ ಅದರ ಕರೆಂಟ್ ಕಡಿಯುವ ಸ್ವಿಚ್ಚು, ಆಫ್ ಆಗಿದೆ. ಹುಡುಗ ಟೆಸ್ಟರ್ ಹಿಡಿದು ಫೇಸ್ (ಕರೆಂಟ್ ಬರುವ ವೈರ್) ನೋಡುತ್ತಾನೆ, ಉರಿಯುವುದಿಲ್ಲ. ನ್ಯೂಟ್ರಲ್ (ಕರೆಂಟ್ ಹಿಂತಿರುಗುವ ವೈರ್) ನೋಡುತ್ತಾನೆ, ಆಗಲೂ ಉರಿಯುವುದಿಲ್ಲ. ಸರಿ ಎಂದು ನ್ಯೂಟ್ರಲ್ ಜಾಯಿಂಟನ್ನು ಬಿಚ್ಚುತ್ತಾನೆ. ಹಿಂದೆ ಯಾರೋ ವೈರ್ ಉಳಿಸಲು ಪಕ್ಕದ ಸರ್ಕ್ಯೂಟಿಗೂ ಇದೇ ನ್ಯೂಟ್ರಲ್ ಕೊಟ್ಟಿದ್ದಾರೆ. ಆ ಸರ್ಕ್ಯೂಟ್ ಆನ್ ಇದೆ, ಅದರಲ್ಲಿ ಲೋಡ್ ಓಡುತ್ತಿದೆ. ಜಾಯಿಂಟ್ ಕೂಡಿದ್ದಾಗ ಕರೆಂಟಿಗೆ ಹಿಂತಿರುಗುವ ದಾರಿಯಿತ್ತು, ಆದ್ದರಿಂದ ಟೆಸ್ಟರ್ ಸುಮ್ಮನಿತ್ತು. ಬಿಚ್ಚಿದ ಕ್ಷಣ ಲೋಡಿನ ಕಡೆಯ ತುದಿಗೆ ಪೂರ್ತಿ ವೋಲ್ಟೇಜ್ ಬರುತ್ತದೆ. ಒಂದು ಕೈಯಲ್ಲಿ ಆ ತುದಿ, ಇನ್ನೊಂದು ಕೈಯಲ್ಲಿ ಈ ತುದಿ.

ಹುಡುಗ ತನಗೆ ಹೇಳಿಕೊಟ್ಟದ್ದನ್ನೆಲ್ಲ ಮಾಡಿದ್ದಾನೆ. ಹಳಬನಾದರೆ ಬಾಕ್ಸಿನಲ್ಲಿ ವೈರ್‌ಗಳು ಬಂದಿರುವ ರೀತಿ ನೋಡಿಯೇ ಅನುಮಾನಪಡುತ್ತಾನೆ. ನ್ಯೂಟ್ರಲ್‌ಗೆ ಕ್ಲ್ಯಾಂಪ್ ಮೀಟರ್ ಹಾಕಿ ಕರೆಂಟ್ ಹರಿಯುತ್ತಿದೆಯೇ ನೋಡುತ್ತಾನೆ. ಪುಸ್ತಕದಲ್ಲಿ ಇದು ಇಲ್ಲವೆಂದಲ್ಲ. ಆದರೆ ಯಾವ ಬಾಕ್ಸ್ ಮುಂದೆ ಅದು ನೆನಪಾಗಬೇಕು ಎಂಬುದು ಪಕ್ಕದಲ್ಲಿ ನಿಂತವನಿಂದ ಬರುತ್ತದೆ. ಫೋನಿನಲ್ಲಿ ಸಿಗುವ ಮೇಲ್ವಿಚಾರಕನಿಗೆ ಆ ಬಾಕ್ಸ್ ಕಾಣುವುದಿಲ್ಲ, ಹುಡುಗನಿಗೆ ಫೋನ್ ಮಾಡಬೇಕೆಂದೇ ತೋಚುವುದಿಲ್ಲ.

ಈ ಪಕ್ಕದಲ್ಲಿ ನಿಲ್ಲುವಿಕೆಯನ್ನು ಅಳೆಯಲು ಹೊರಟ ಕಾನೂನುಗಳಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ್ದು ಬಲು ಕರಾರುವಾಕ್ಕು. ಅಲ್ಲಿ ಕಲಿಯುವವನೇ ಸರ್ಕಾರದಿಂದ ಟ್ರೈನಿ ಪ್ರಮಾಣಪತ್ರ ಪಡೆಯಬೇಕು. ಎಲ್ಲ ಬಗೆಯ ವೈರಿಂಗ್ ಮಾಡಬಲ್ಲ ಜರ್ನಿಮನ್, ಅಂದರೆ ಕಲಿಕೆ ಮುಗಿಸಿ ಪ್ರಮಾಣಪತ್ರ ಪಡೆದ ಎಲೆಕ್ಟ್ರಿಷಿಯನ್, ಆಗಲು 8,000 ಗಂಟೆ ಕೆಲಸ ಮಾಡಿರಬೇಕು. ಕೆಲಸದ ದಿನದ ಕನಿಷ್ಠ ಶೇ 75ರಷ್ಟು ಹೊತ್ತು ಮೇಲ್ವಿಚಾರಕ ಅದೇ ಜಾಗದಲ್ಲಿರಬೇಕು. ಒಬ್ಬ ಜರ್ನಿಮನ್‌ಗೆ ಒಬ್ಬನೇ ಟ್ರೈನಿ. 2018ರಲ್ಲಿ ಅಂಗೀಕಾರವಾದ ಕಾನೂನು ಇನ್ನೂ ಒಂದು ಹೆಜ್ಜೆ ಹೋಗಿ, 2023ರ ಜುಲೈಯಿಂದ ಜರ್ನಿಮನ್ ಪರೀಕ್ಷೆಗೆ ನೋಂದಾಯಿತ ಅಪ್ರೆಂಟಿಸ್‌ಷಿಪ್ ಮುಗಿಸಿರಬೇಕೆಂದಿತು. ಬರೀ ಗಂಟೆ ಎಣಿಸುವುದರಲ್ಲಿ ಒಂದು ತೊಡಕಿತ್ತು: ಸಾವಿರಾರು ಗಂಟೆ ಪೈಪ್ ಬಗ್ಗಿಸಿ, ವೈರ್ ಎಳೆದವನ ಲೆಕ್ಕವೂ, ಪ್ಯಾನೆಲ್ ಜೋಡಿಸಿ ದೋಷ ಹುಡುಕಲು ಕಲಿತವನ ಲೆಕ್ಕವೂ ಹಾಳೆಯ ಮೇಲೆ ಒಂದೇ ಆಗಿಬಿಡಬಹುದು.

ತಲೆಲೆಕ್ಕದ ವಿಷಯದಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ್ದು ಇನ್ನೊಂದು ಕಥೆ. ಕೆಲವು ಕಸುಬುಗಳಲ್ಲಿ ಒಬ್ಬ ಅಪ್ರೆಂಟಿಸ್‌ಗೆ ಒಬ್ಬರಿಗಿಂತ ಹೆಚ್ಚು ಜರ್ನಿಮನ್‌ಗಳು ಇರಬೇಕೆಂಬ ನಿಯಮ ಅಲ್ಲಿತ್ತು. 2018ರಲ್ಲಿ ಹೊಸ ಸರ್ಕಾರ ಬಂದು ಅನುಪಾತವಿರುವ ಕಸುಬುಗಳಿಗೆಲ್ಲ ಒಂದಕ್ಕೊಂದು ಎಂದು ಇಳಿಸಿತು. ಗುತ್ತಿಗೆದಾರರು ಸ್ವಾಗತಿಸಿದರು, ಕಾರ್ಮಿಕ ಸಂಘಗಳು ವಿರೋಧಿಸಿದವು. ಯಾರು ಏನೇ ಕಾರಣ ಹೇಳಿದರೂ ಎರಡು ಕಡೆಯೂ ಸಂಬಳದ ಪಟ್ಟಿ ಎದುರಿಗಿತ್ತು ಎಂದರೆ ತಪ್ಪಾಗಲಾರದು.

ಬಿಗಿ ನಿಯಮ ಎಂದರೆ ಹೆಚ್ಚು ಸುರಕ್ಷತೆ ಎಂದು ಒಪ್ಪಿಬಿಡುವವರು 1981ರಲ್ಲಿ ಪ್ರಕಟವಾದ ಕ್ಯಾರಲ್ ಮತ್ತು ಗ್ಯಾಸ್ಟನ್ ಅವರ ಅಧ್ಯಯನವನ್ನು ನೋಡಬೇಕು. ಪರವಾನಗಿ ನಿಯಮ ಬಿಗಿಯಾಗಿದ್ದ ಅಮೆರಿಕದ ರಾಜ್ಯಗಳಲ್ಲಿ ಎಲೆಕ್ಟ್ರಿಷಿಯನ್ನರು ಕಡಿಮೆ ಇದ್ದರು, ಶಾಕ್ ಹೊಡೆದು ಸತ್ತವರು ಹೆಚ್ಚಿದ್ದರು. ಕೆಲಸಕ್ಕೆ ಜನ ಸಿಗದಿದ್ದರೆ, ಸಿಕ್ಕರೂ ದುಬಾರಿಯಾದರೆ, ಮನೆಯವರು ತಾವೇ ಕೈಹಾಕುತ್ತಾರೆ ಎಂಬುದು ಅವರ ವಿವರಣೆ. ಎರಡು ಅಂಕಿಗಳು ಜೊತೆಯಾಗಿ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು, ನಿಜ. ಆದರೂ ಪರವಾನಗಿ ಮಂಡಳಿಗಳು ಈ ಪ್ರಶ್ನೆಯನ್ನು ಬದಿಗೆ ಸರಿಸುವಂತಿಲ್ಲ.

ಮೇಲ್ವಿಚಾರಣೆ ಎಂಬುದು ಕಾಗದದ ಮೇಲಷ್ಟೇ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾ ಸಾಕ್ಷಿ. ಆರ್ಥಿಕ ಕುಸಿತದ ನಡುವೆ, 2009ರಲ್ಲಿ, ಅಲ್ಲಿನ ಕೇಂದ್ರ ಸರ್ಕಾರ ಮನೆಗಳ ಛಾವಣಿಯೊಳಗೆ ಶಾಖನಿರೋಧಕ ಹಾಕಿಸುವ ಯೋಜನೆ ಶುರುಮಾಡಿತು. ಬೇಗ ಉದ್ಯೋಗ ಕೊಡಬೇಕೆಂಬ ಅವಸರ. ಕೆಲಸ ಮಾಡುವ ಪ್ರತಿಯೊಬ್ಬನಿಗೂ ತರಬೇತಿ ಬೇಕೆಂಬ ಮೊದಲ ಯೋಚನೆಯನ್ನು ಸಡಿಲಿಸಿ, ಮೇಲ್ವಿಚಾರಕನಿಗೆ ಅರ್ಹತೆ ಇದ್ದರೆ ಸಾಕು ಎಂದರು. ಛಾವಣಿಯೊಳಗೆ ತೆವಳಿದವರು ಎಲೆಕ್ಟ್ರಿಷಿಯನ್ನರಲ್ಲ, ಹೊಸದಾಗಿ ಸೇರಿದ ಹುಡುಗರು. ಆದರೆ ಅಲ್ಲಿ ಕರೆಂಟ್ ಇತ್ತು. ಶಾಖನಿರೋಧಕವಾಗಿ ಹಾಕುವ ಲೋಹದ ಹಾಳೆಯನ್ನು ಲೋಹದ ಪಿನ್ನಿನಿಂದ ಹೊಡೆಯುವಾಗ ಪಿನ್ನು ಕೆಳಗಿದ್ದ ಕೇಬಲ್ಲಿಗೆ ಹೊಕ್ಕರೆ ಇಡೀ ಹಾಳೆಗೆ ವಿದ್ಯುತ್ ಹರಿಯುತ್ತದೆ. ನಾಲ್ವರು ಸತ್ತರು, ಮೂವರು ಶಾಕ್‌ನಿಂದ. ಅವರಲ್ಲೊಬ್ಬನಿಗೆ ಹದಿನಾರು ವರ್ಷ.

ಮೊದಲ ಸಾವಾದದ್ದು ಅಕ್ಟೋಬರಿನಲ್ಲಿ. ನವೆಂಬರಿನಲ್ಲಿ ಲೋಹದ ಪಿನ್ನು ನಿಷೇಧವಾಯಿತು. ಇಲ್ಲೂ ಮೊದಲು ಸಾಮಾನಿಗೆ ನಿಯಮ! ಆಮೇಲೂ ಸಾವು ನಿಲ್ಲಲಿಲ್ಲ. 2010ರ ಫೆಬ್ರುವರಿಯಲ್ಲಿ ಯೋಜನೆಯನ್ನೇ ನಿಲ್ಲಿಸಿದರು. ತರಬೇತಿಯ ಷರತ್ತು ಸಡಿಲಿಸಿದ ತೀರ್ಮಾನವನ್ನು ರಾಯಲ್ ಕಮಿಷನ್ ಎಂಬ ಸರ್ಕಾರಿ ತನಿಖಾ ಆಯೋಗದ 2014ರ ವರದಿ ಕಟುವಾಗಿ ಟೀಕಿಸಿತು.

ಈಗ ಇದೇ ಪ್ರಶ್ನೆ ಛಾವಣಿಯ ಒಳಗಿನಿಂದ ಛಾವಣಿಯ ಮೇಲಕ್ಕೆ ಹತ್ತಿದೆ. ಸೋಲಾರ್ ಪ್ಯಾನೆಲ್‌ಗಳ ಸಾಲು ಬಿಸಿಲಿರುವಷ್ಟು ಹೊತ್ತು ನೂರಾರು ವೋಲ್ಟ್ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ಹುಟ್ಟಿಸುತ್ತಲೇ ಇರುತ್ತದೆ. ಮೇನ್ ಆಫ್ ಮಾಡಿದರೂ ಪ್ಯಾನೆಲ್ ಕಡೆಯ ತಂತಿ ತಣ್ಣಗಾಗುವುದಿಲ್ಲ, ಡಿಸಿಯಲ್ಲಿ ಎದ್ದ ಆರ್ಕ್ (ತಂತಿಗಳ ನಡುವೆ ಹೊತ್ತಿಕೊಳ್ಳುವ ಕಿಡಿ) ಮನೆಗೆ ಬರುವ ಎಸಿ ಕರೆಂಟಿನದಷ್ಟು ಸುಲಭವಾಗಿ ಆರುವುದಿಲ್ಲ. ಇಪ್ಪತ್ತೈದು ವರ್ಷ ಎಸಿ ವೈರಿಂಗ್ ಮಾಡಿ ಪರವಾನಗಿ ಪಡೆದವನಿಗೂ ಇದು ಹೊಸ ಕೆಲಸವೇ. ಅಂಥವನು ಇಬ್ಬರು ಹುಡುಗರನ್ನು ಕರೆದುಕೊಂಡು ಛಾವಣಿ ಹತ್ತಿದರೆ ನಿಯಮದ ಪ್ರಕಾರ ಮೇಲ್ವಿಚಾರಣೆ ಇದೆ. ಕಲಿಸುವವನಿಗೆ ಆ ಕೆಲಸದಲ್ಲಿ ಎಷ್ಟು ಗಂಟೆಯ ಅನುಭವ ಇರಬೇಕು ಎಂಬುದನ್ನು ಈಗ ಒಂದೊಂದು ಮಂಡಳಿ ಒಂದೊಂದು ರೀತಿಯಲ್ಲಿ ಬರೆಯುತ್ತಿದೆ: ಕೆಲವು ಸೋಲಾರ್‌ಗೆ ಬೇರೆ ಅರ್ಹತೆ ಕೇಳುತ್ತವೆ, ಕೆಲವಕ್ಕೆ ಹಳೆಯ ಪರವಾನಗಿಯೇ ಸಾಕು.