ಎವರೆಸ್ಟ್ ಕಡೆ ಹೊರಟವರಿಗೆ ಕೊಡಚಾದ್ರಿಯ ಲೆಕ್ಕ ಸಾಲದು

ಮಳೆ ಕಮ್ಮಿಯಾಗುತ್ತಾ ಬಂದ ಹಾಗೆ ಶಿವಮೊಗ್ಗದ ನನ್ನ ಕ್ಲಿನಿಕ್‌ಗೆ ಒಂದು ಫಾರಂ ಹಿಡಿದುಕೊಂಡು ಜನ ಬರುತ್ತಾರೆ. ಎವರೆಸ್ಟ್ ಬೇಸ್ ಕ್ಯಾಂಪ್ ಟ್ರೆಕ್‌ಗೆ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು. "ಡಾಕ್ಟ್ರೇ, ಮುಳ್ಳಯ್ಯನಗಿರಿ ಎಲ್ಲೂ ಕೂರದೆ ಹತ್ತಿದ್ದೀನಿ, ಕೊಡಚಾದ್ರಿ ನಾಲ್ಕು ಸಲ ಆಗಿದೆ, ಒಂದು ಸೈನ್ ಹಾಕಿಬಿಡಿ" ಅನ್ನುತ್ತಾರೆ. ಬಿಪಿ ನೋಡುತ್ತೇನೆ, ಇಸಿಜಿ ತೆಗೆಸುತ್ತೇನೆ, ಎಲ್ಲ ಸರಿ ಇದ್ದರೆ ಸೈನ್ ಹಾಕುತ್ತೇನೆ. ಆದರೆ ಆ ಕಾಗದ ಹೇಳುವುದು ನೀವು ಶಿವಮೊಗ್ಗದಲ್ಲಿ ಹೇಗಿದ್ದೀರಿ ಅಂತ ಮಾತ್ರ. 5,000 ಮೀಟರ್ ಮೇಲೆ ನಿಮ್ಮ ಮೈ ಏನು ಮಾಡುತ್ತದೆ ಅಂತ ಹೇಳುವ ಪರೀಕ್ಷೆ ನನ್ನ ಹತ್ತಿರ ಇಲ್ಲ.

ಹಾಗಂತ ಇವರು ಓದದವರಲ್ಲ. 2020ರಲ್ಲಿ ನೇಪಾಳ, ಚೀನಾ ಸೇರಿ ಹೇಳಿದ 8,848.86 ಮೀಟರ್ ಬಾಯಿಪಾಠ. ತುದಿಯ ಸುಣ್ಣಕಲ್ಲಿನಲ್ಲಿ ಹಳೆಯ ಸಮುದ್ರಜೀವಿಗಳ ಪಳೆಯುಳಿಕೆ ಇದೆ ಅನ್ನುವುದು ಗೊತ್ತು, ಹಿಂದೆ ಈ ಶಿಖರದ ಎತ್ತರ ಲೆಕ್ಕ ಹಾಕಿದ ರಾಧಾನಾಥ ಸಿಕ್ದಾರ್ ಹೆಸರೂ ಗೊತ್ತು. ಗಾಳಿಯ ವಿಷಯ ಮಾತ್ರ ಯಾರಿಗೂ ಸರಿಯಾಗಿ ತಲೆಗೆ ಹೋಗಿರುವುದಿಲ್ಲ.

ಎವರೆಸ್ಟ್ ತುದಿಯ ಗಾಳಿಯಲ್ಲೂ ಆಕ್ಸಿಜನ್ ಪಾಲು ಸುಮಾರು ಶೇ. 21. ನಮ್ಮ ತುಂಗಾ ದಂಡೆಯಲ್ಲಿ ಎಷ್ಟೋ ಅಷ್ಟೇ. ಕಮ್ಮಿಯಾಗುವುದು ಒತ್ತಡ. ಅಂಗಳದ ಹುಲ್ಲಿನ ಗೊಣಬೆ ನೆನಪು ಮಾಡಿಕೊಳ್ಳಿ. ಬುಡದ ಹುಲ್ಲು ಮೇಲಿನ ಭಾರಕ್ಕೆ ಅಮುಕಿಕೊಂಡಿರುತ್ತದೆ, ಎಳೆದರೂ ಬರುವುದಿಲ್ಲ. ತುದಿಯಲ್ಲಿ ಸಡಿಲ. ಅದೇ ಹುಲ್ಲು, ಆದರೆ ತುದಿಯಲ್ಲಿ ಒಂದು ಹಿಡಿ ತೆಗೆದರೆ ಕೈಗೆ ಸಿಗುವುದು ನಾಲ್ಕು ಎಳೆ. ಗಾಳಿಯೂ ಹಾಗೇ. ಸಮುದ್ರ ಮಟ್ಟದಲ್ಲಿ ಪಾದರಸದ ಲೆಕ್ಕದಲ್ಲಿ 760 ಮಿಲಿಮೀಟರ್ ಇರುವ ಒತ್ತಡ, 1981ರಲ್ಲಿ ಎವರೆಸ್ಟ್ ತುದಿಯಲ್ಲಿ ಅಳೆದಾಗ ಸುಮಾರು 253 ಇತ್ತು. ಮೂರರಲ್ಲಿ ಒಂದು ಪಾಲು. 5,364 ಮೀಟರ್‌ನ ಬೇಸ್ ಕ್ಯಾಂಪ್‌ನಲ್ಲಿ ಹೆಚ್ಚುಕಮ್ಮಿ ಅರ್ಧ. ಅಲ್ಲಿ ನೀರು 82-83 ಡಿಗ್ರಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಅನ್ನ ಸರಿಯಾಗಿ ಬೇಯುವುದಿಲ್ಲ.

ಈಗ ಮುಳ್ಳಯ್ಯನಗಿರಿ ನೋಡಿ. ನಮ್ಮ ರಾಜ್ಯದ ಅತಿ ಎತ್ತರದ ಜಾಗ, ಸುಮಾರು 1,930 ಮೀಟರ್. ಅಲ್ಲಿ ಐದರಲ್ಲಿ ನಾಲ್ಕು ಪಾಲು ಒತ್ತಡ ಹಾಗೇ ಇರುತ್ತದೆ. ಆಕ್ಸಿಜನ್ ಸಾಲದೆ ತಲೆನೋವು, ವಾಕರಿಕೆ ಬರುವ ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರ್ ದಾಟಿದ ಮೇಲೆ. ಅಂದರೆ ಇಡೀ ಕರ್ನಾಟಕ ಸುತ್ತಿದರೂ ಇದನ್ನು ಪರೀಕ್ಷೆ ಮಾಡಿ ನೋಡುವಷ್ಟು ಎತ್ತರದ ಬೆಟ್ಟ ಸಿಗುವುದಿಲ್ಲ. ಕೊಡಚಾದ್ರಿ ಹತ್ತಿದರೆ ಕಾಲಿಗೆ ಬಲ ಬರುತ್ತದೆ, ಖಂಡಿತ ಹತ್ತಿ. ಎತ್ತರಕ್ಕೆ ಒಗ್ಗುವುದು ಬೇರೆಯೇ ವಿಷಯ.

ಒಗ್ಗುವುದಕ್ಕೆ ದಿನಗಳು ಬೇಕು. ಮೊದಲು ಉಸಿರು ಜೋರಾಗುತ್ತದೆ. ಅದರಿಂದ ರಕ್ತದಲ್ಲಿ ಆಗುವ ಏರುಪೇರನ್ನು ಕಿಡ್ನಿ ನಿಧಾನಕ್ಕೆ ಸರಿ ಮಾಡುತ್ತದೆ. ಕೆಂಪು ರಕ್ತಕಣ ಹೆಚ್ಚಲು ವಾರಗಳೇ ಹಿಡಿಯುತ್ತವೆ. ಇಲ್ಲಿಂದ ಒಬ್ಬರನ್ನು ಎತ್ತಿಕೊಂಡು ಹೋಗಿ ನೇರ ಆ ತುದಿಯಲ್ಲಿ ಇಳಿಸಿದರೆ ಕೆಲವೇ ನಿಮಿಷದಲ್ಲಿ ಪ್ರಜ್ಞೆ ತಪ್ಪುತ್ತದೆ. ಅದೇ ತುದಿಗೆ 1978ರಲ್ಲಿ ಮೆಸ್ನರ್ ಮತ್ತು ಹಾಬೆಲರ್ ಎಂಬ ಇಬ್ಬರು ಪರ್ವತಾರೋಹಿಗಳು ಆಕ್ಸಿಜನ್ ಸಿಲಿಂಡರ್ ಇಲ್ಲದೆ ಹತ್ತಿ ಇಳಿದರು, ವಾರಗಟ್ಟಲೆ ಮೈ ಒಗ್ಗಿಸಿಕೊಂಡು. ಹುಟ್ಟಿನಿಂದಲೇ ಈ ಶಕ್ತಿ ಪಡೆದ ಜೀವಿಗಳೂ ಇವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿಕೊಂಡೇ ಬರುತ್ತದೆ. ಅದರ ರಕ್ತವೇ ಬೇರೆ ಥರ, ತೆಳು ಗಾಳಿಯಿಂದಲೂ ಆಕ್ಸಿಜನ್ ಹಿಡಿದುಕೊಳ್ಳುತ್ತದೆ. ಒಂದು ಸಲ ಹೋಗಿ ನೋಡಿ ಬನ್ನಿ.

ಕೆಲವು ವರ್ಷಗಳ ಹಿಂದೆ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಅಣ್ಣನ ಮಗನ ಜೊತೆ ಬೇಸ್ ಕ್ಯಾಂಪ್‌ಗೆ ಹೊರಟರು. ಅವರಿಗೆ ಅರವತ್ತರ ಹತ್ತಿರ, ಮಂಡಿನೋವು ಬೇರೆ. ಹುಡುಗ ಮ್ಯಾರಥಾನ್ ಓಡುವವನು. ನನಗೆ ಚಿಂತೆ ಇದ್ದದ್ದು ಹಿರಿಯರದ್ದೇ. ದಾರಿಯ ಡಿಂಗ್‌ಬೋಚೆ ಎಂಬ ಹಳ್ಳಿಯಲ್ಲಿ ಮೈ ಒಗ್ಗಲಿ ಅಂತ ಒಂದು ದಿನ ನಿಲ್ಲಬೇಕಿತ್ತು, ಸುಮ್ನೆ ಕೂತು ಏನು ಮಾಡೋದು ಅಂತ ಹುಡುಗ ಹಟ ಮಾಡಿ ಹೊರಡಿಸಿದ. ಮುಂದಿನ ತಂಗುದಾಣ ಲೊಬುಚೆ ಸುಮಾರು 4,900 ಮೀಟರ್. ಅಲ್ಲಿ ಸಂಜೆಯೇ ಅವನಿಗೆ ತಲೆನೋವು, ಹೇಳಲಿಲ್ಲ, ಒಂದು ಮಾತ್ರೆ ನುಂಗಿ ಮಲಗಿದ. ಬೆಳಿಗ್ಗೆ ಮಂಚದ ಅಂಚಿನಲ್ಲಿ ಕೂತು ಶೂ ಲೇಸ್ ಕಟ್ಟುತ್ತಿದ್ದಾನೆ, ಕಟ್ಟುತ್ತಲೇ ಇದ್ದಾನೆ, ಗಂಟು ಬೀಳುತ್ತಿಲ್ಲ. ಎದ್ದು ನಿಂತರೆ ಕುಡಿದವನ ಹಾಗೆ ತೂರಾಟ. "ಏನಿಲ್ಲ ಚಿಕ್ಕಪ್ಪಾ, ಸುಸ್ತು ಅಷ್ಟೇ" ಅಂದನಂತೆ. ಅವರು ಒಂದು ಮಾತೂ ಕೇಳದೆ ಗೈಡ್ ಜೊತೆ ಸೇರಿ ಅವನನ್ನು ಫೆರಿಚೆಗೆ ಇಳಿಸಿದರು, ಸುಮಾರು 550 ಮೀಟರ್ ಕೆಳಗೆ. ಅಲ್ಲಿ ಇಂಥವರಿಗಾಗಿಯೇ ಒಂದು ಪುಟ್ಟ ಆಸ್ಪತ್ರೆ ಇದೆ. ಆಕ್ಸಿಜನ್ ಕೊಟ್ಟರು, ಔಷಧಿ ಕೊಟ್ಟರು, ಮಾರನೇ ದಿನ ಇನ್ನೂ ಕೆಳಗೆ ಕಳಿಸಿದರು. ಹುಡುಗ ಉಳಿದ. ಮಿದುಳಿನಲ್ಲಿ ನೀರು ತುಂಬಿ ಊದಿಕೊಳ್ಳಲು ಶುರುವಾದ ಲಕ್ಷಣ ಅದು, ತಡ ಮಾಡಿದ್ದರೆ ಪ್ರಾಣಕ್ಕೇ ಬರುತ್ತಿತ್ತು.

ನಿಮಗೆ ಹೇಗೆ ಹೊಳೆಯಿತು ಅಂತ ಆಮೇಲೆ ಕೇಳಿದೆ. "ಅಡಿಕೆ ಮರ ಹತ್ತಿದ ಕೊನೆಗಾರನ ಕಾಲು ನಡುಗಿದ್ರೆ ಇಳಿಯೋ ಅಂತೀವಿ ಡಾಕ್ಟ್ರೇ, ಇನ್ನೆರಡು ಗೊನೆ ಇದೆ ತೆಗೆದುಬಿಡು ಅಂತೀವಾ?" ಅಂದರು.

ಫಿಟ್ ಇದ್ದವರು ಬೇಗ ಬೇಗ ಹತ್ತುತ್ತಾರೆ, ಮೈಗೆ ಒಗ್ಗಲು ಸಮಯ ಕೊಡುವುದಿಲ್ಲ, ತಲೆನೋವು ಬಂದರೆ ಹೇಳಲು ನಾಚಿಕೆ. ಹಾಗಾಗಿ ನನಗೆ ಅವರದ್ದೇ ಭಯ ಜಾಸ್ತಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ. ತಲೆನೋವು, ವಾಕರಿಕೆ ಇದ್ದರೆ ಮೇಲೆ ಹೋಗಬೇಡಿ. ನಡಿಗೆ ತಪ್ಪಿದರೆ, ಕೂತಲ್ಲೇ ಏದುಸಿರು ಬಂದರೆ, ರಾತ್ರಿಯಾದರೂ ಇಳಿಯಿರಿ.

ಕೆಲವರು ಕರ್ಪೂರದ ಪೊಟ್ಟಣ ಒಯ್ಯುತ್ತಾರೆ. ಮೂಸಿದರೆ ಮೂಗು ತಣ್ಣಗಾಗಿ ಉಸಿರು ಸಲೀಸಾದ ಹಾಗೆ ಅನ್ನಿಸುತ್ತದೆ, ರಕ್ತಕ್ಕೆ ಒಂದು ಚೂರು ಆಕ್ಸಿಜನ್ನೂ ಜಾಸ್ತಿ ಸೇರುವುದಿಲ್ಲ. ಡಯಾಮಾಕ್ಸ್ ಮಾತ್ರೆ ಒಗ್ಗುವುದಕ್ಕೆ ಸಹಾಯ ಮಾಡುತ್ತದೆ ನಿಜ. ಆದರೆ ಸಲ್ಫಾ ಅಲರ್ಜಿ, ಕಿಡ್ನಿ ತೊಂದರೆ ಇದ್ದವರಿಗೆ ಅಪಾಯ ಆಗಬಹುದು, ಮೆಡಿಕಲ್ ಶಾಪ್‌ನಲ್ಲಿ ನೀವೇ ಕೇಳಿ ತಗೊಳ್ಳಬೇಡಿ.

ಹೊರಡುವ ಹಿಂದಿನ ದಿನ ಸಂಜೆ ಫಾರಂ ಹಿಡಿದು ಓಡಿ ಬರಬೇಡಿ. ಒಂದು ತಿಂಗಳು ಮೊದಲೇ ಬನ್ನಿ, ಟ್ರೆಕ್‌ನ ದಿನದಿನದ ಪಟ್ಟಿ ತನ್ನಿ. ಬಿಪಿ ಆಮೇಲೆ ನೋಡುತ್ತೇನೆ, ಮೊದಲು ಯಾವ ರಾತ್ರಿ ಎಲ್ಲಿ ಮಲಗುತ್ತೀರಿ ಅಂತ ಇಬ್ಬರೂ ಕೂತು ನೋಡೋಣ.